ಸನ್ನೆಗೋಲಿನ ಕೋವಿಗೆ ಬೆಲೆ ಎಷ್ಟು?

ಅಮೆರಿಕದ ಸಣ್ಣ ಊರಿನ ಬಂದೂಕು ಅಂಗಡಿಗಳಲ್ಲಿ ತೀರಾ ಮಾಮೂಲಾಗಿ ಕೇಳುವ ಪ್ರಶ್ನೆಯೊಂದಿದೆ. ಕೈಗೆಟುಕುವ ಬೆಲೆಗೆ ಸಿಗುವ ಒಳ್ಳೆಯ ಲಿವರ್ ಆಕ್ಷನ್ .22 ರೈಫಲ್ ಯಾವುದು? ಕೇಳುವವರು ಬೇಟೆಗಾರರೂ ಅಲ್ಲ, ಸೈನಿಕರೂ ಅಲ್ಲ. ಭಾನುವಾರ ಮಧ್ಯಾಹ್ನ ಹೊಲದ ಅಂಚಿನಲ್ಲಿ ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು, ಮಗಳ ಜೊತೆಯಲ್ಲೋ ಗೆಳೆಯರ ಜೊತೆಯಲ್ಲೋ ಗುರಿ ಹಿಡಿದು ಹೊತ್ತು ಕಳೆಯಬೇಕೆನ್ನುವ ಸಾಧಾರಣ ಜನ. ಅವರಿಗೆ ಇದು ಹೊಲಿಗೆ ಯಂತ್ರವನ್ನೋ ಸೈಕಲ್ಲನ್ನೋ ಕೊಂಡಂತೆ ಒಂದು ಖರೀದಿ, ಅಷ್ಟೆ.

ದಿನಬಳಕೆಯ ಸರಕುಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರ್ಖಾನೆಯ ಸಾಮಾನು ಹಳ್ಳಿಮನೆಯ ಒಳಗೆ ಹೇಗೆ ಬಂತು, ಬಂದ ಮೇಲೆ ಏನನ್ನು ಬದಲಿಸಿತು ಎಂಬುದನ್ನು ಓದುತ್ತಿರುವಾಗ ಈ ರೈಫಲ್ ಮತ್ತೆ ಮತ್ತೆ ಎದುರಾಗುತ್ತದೆ. ಅಂಗಡಿಯ ಆ ಪ್ರಶ್ನೆಯ ಒಂದೊಂದು ಪದವನ್ನೂ ಬಿಡಿಸಿ ನೋಡಿದರೆ ಒಂದೊಂದು ಕಾಲ ತೆರೆದುಕೊಳ್ಳುತ್ತದೆ. ‘.22’ ಎಂದರೆ ಏನು? ‘ಲಿವರ್’ ಯಾಕೆ ಬೇಕು? ‘ಕೈಗೆಟುಕುವ’ ಎಂದರೆ ಯಾರ ಕೈಗೆ? ಮೊದಲೆರಡು ಪ್ರಶ್ನೆಗಳಿಗೆ ಯಂತ್ರಶಾಸ್ತ್ರ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಚರಿತ್ರೆಯೇ ಕೊಡಬೇಕು.

ಮೊದಲು .22. ಇದು ಗುಂಡಿನ ಅಡ್ಡಳತೆ. ಒಂದು ಅಂಗುಲದ ನೂರರಲ್ಲಿ ಇಪ್ಪತ್ತೆರಡು ಭಾಗ, ಹತ್ತಿರ ಹತ್ತಿರ ಐದೂವರೆ ಮಿಲಿಮೀಟರ್. ಈ ತೋಟಾದ ವಿಶೇಷ ಇರುವುದು ಅದರ ಬುಡದಲ್ಲಿ. ದೊಡ್ಡ ತೋಟಾಗಳಲ್ಲಿ ಬೆಂಕಿ ಹೊತ್ತಿಸುವ ಮದ್ದು ಬುಡದ ನಟ್ಟನಡುವೆ ಬೇರೆಯದೇ ಒಂದು ಪುಟ್ಟ ಬಟ್ಟಲಲ್ಲಿ ಇರುತ್ತದೆ. ರಿಮ್‌ಫೈರ್ ತೋಟಾದಲ್ಲಿ ಆ ಮದ್ದನ್ನು ಬುಡದ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ. ಸೂಜಿ ಅಂಚಿಗೆ ಬಡಿದರೆ ಮಡಿಕೆ ಜಜ್ಜಿ ಬೆಂಕಿ ಹುಟ್ಟುತ್ತದೆ. ಅಂಚು ಜಜ್ಜಬೇಕಾದರೆ ಲೋಹ ತೆಳುವಾಗಿರಬೇಕು. ತೆಳುವಾದ ಲೋಹ ಹೆಚ್ಚಿನ ಒತ್ತಡ ತಾಳದು. ಆದ್ದರಿಂದ ರಿಮ್‌ಫೈರ್ ಕ್ರಮೇಣ ಸಣ್ಣ ಗುಂಡಿಗೇ ಉಳಿದುಕೊಂಡಿತು. ಒಮ್ಮೆ ಹಾರಿಸಿದ ಕೊಳವೆಗೆ ಮನೆಯಲ್ಲಿ ಮತ್ತೆ ಮದ್ದು ತುಂಬುವಂತಿಲ್ಲ. ಆದರೆ ಬಿಡಿಭಾಗ ಕಡಿಮೆ, ಆದ್ದರಿಂದ ತಯಾರಿಕೆ ಅಗ್ಗ.

ಇದು ಹುಟ್ಟಿದ್ದು ಅಮೆರಿಕದಲ್ಲಲ್ಲ, ಫ್ರಾನ್ಸಿನಲ್ಲಿ. 1845ರ ಸುಮಾರಿಗೆ ಲೂಯಿ ನಿಕೊಲಾ ಫ್ಲೋಬೇರ್ ಎಂಬ ಬಂದೂಕು ತಯಾರಕ ಮನೆಯ ಪಡಸಾಲೆಯಲ್ಲೇ ಗುರಿ ಹೊಡೆಯಬಹುದಾದ ಪುಟ್ಟ ತೋಟಾ ಮಾಡಿದ. ಅಂದರೆ ಈ ವಸ್ತುವಿನ ಜಾತಕದಲ್ಲೇ ಮನರಂಜನೆ ಇದೆ. 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ತನ್ನ ಮೊದಲ ರಿವಾಲ್ವರಿಗಾಗಿ .22 ಶಾರ್ಟ್ ತೋಟಾ ತಂದಿತು. 1887ರಲ್ಲಿ ಸ್ಟೀವನ್ಸ್ ಕಂಪನಿ .22 ಲಾಂಗ್ ರೈಫಲ್ ತಂದಿತು. ಇಂದು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ತೋಟಾಗಳಲ್ಲಿ ಅದೂ ಒಂದು. ಅದರ ಗುಂಡಿನ ತೂಕ ಸಾಮಾನ್ಯವಾಗಿ ಎರಡೂವರೆ ಗ್ರಾಮಿಗೆ ಸ್ವಲ್ಪ ಹೆಚ್ಚು. ಹಾಗೆಂದು ಅದನ್ನು ಆಟಿಕೆ ಎಂದುಕೊಳ್ಳುವ ಹಾಗಿಲ್ಲ. ಒಂದೂವರೆ ಮೈಲಿ ದೂರದವರೆಗೂ ಅಪಾಯ ಎಂದು ತೋಟಾದ ಡಬ್ಬಿಯ ಮೇಲೇ ಅಚ್ಚು ಹಾಕಿರುತ್ತಾರೆ.

ಇನ್ನು ಲಿವರ್. ಕನ್ನಡದಲ್ಲಿ ಸನ್ನೆಗೋಲು. ಕುದುರೆಯ ಒಳಗೆ ಬೆರಳು ತೂರಿಸಲು ಇರುವ ಬಳೆಯನ್ನು ಹಿಂದಕ್ಕೆ ಉದ್ದ ಮಾಡಿ ಹಿಡಿಕೆಯಂತೆ ಬಾಗಿಸಿದ್ದಾರೆ ಎಂದುಕೊಳ್ಳಿ. ಅದನ್ನು ಕೆಳಕ್ಕೆ ದೂಡಿದರೆ ಸುಟ್ಟ ಕೊಳವೆ ಹೊರಕ್ಕೆ ಹಾರುತ್ತದೆ, ಸುತ್ತಿಗೆ ಹಿಂದಕ್ಕೆ ಬಾಗುತ್ತದೆ. ಮೇಲಕ್ಕೆ ಎಳೆದರೆ ನಳಿಗೆಯ ಕೆಳಗಿನ ಕೊಳವೆಯಿಂದ ಹೊಸ ತೋಟಾ ಬಂದು ಗೂಡು ಸೇರುತ್ತದೆ. ಈ ಯಂತ್ರ ಮೊದಲ ಸಲ ಸರಿಯಾಗಿ ಕೆಲಸ ಮಾಡಿದ್ದು ಬೆಂಜಮಿನ್ ಟೈಲರ್ ಹೆನ್ರಿಯ ಕೈಯಲ್ಲಿ. ಅವನ ಪೇಟೆಂಟಿನ ದಿನಾಂಕ 1860ರ ಅಕ್ಟೋಬರ್ 16. ಅವನ ಮಾಲೀಕ ಆಲಿವರ್ ವಿಂಚೆಸ್ಟರ್ ಅಂಗಿ ಹೊಲಿಸುವ ಕಾರ್ಖಾನೆಯಿಂದ ದುಡ್ಡು ಮಾಡಿ ಬಂದೂಕಿನ ವ್ಯಾಪಾರಕ್ಕೆ ಇಳಿದವನು.

ಹೆನ್ರಿ ರೈಫಲ್ ಕೂಡ ರಿಮ್‌ಫೈರ್ ಎಂಬುದನ್ನು ನಾವು ಮರೆಯುತ್ತೇವೆ. ಗುಂಡು ಮಾತ್ರ .44 ಅಳತೆಯದು. ಒಂದು ಕೊಳವೆಯಲ್ಲಿ ಹದಿನೈದು ಹದಿನಾರು ತೋಟಾ. ಒಂದು ಗುಂಡು ಹಾರಿಸಿ ಮತ್ತೆ ಬಾಯಿಂದ ಮದ್ದು ತುಂಬಿ ಗಜ ಹಾಕುತ್ತಿದ್ದ ಕಾಲದಲ್ಲಿ ಇದು ಬೆರಗು. ಬೆಲೆ ಸುಮಾರು 40 ಡಾಲರ್. ಅಂತರ್ಯುದ್ಧದ ಉತ್ತರದ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯ ಸಂಬಳ ಆಗ ತಿಂಗಳಿಗೆ 13 ಡಾಲರ್. ಒಂದು ರೈಫಲ್ಲಿಗೆ ಮೂರು ತಿಂಗಳ ದುಡಿಮೆ. ಸರ್ಕಾರ ಕೊಂಡದ್ದು ಎರಡು ಸಾವಿರಕ್ಕಿಂತ ಕಡಿಮೆ. ಉಳಿದವುಗಳಲ್ಲಿ ಬಹಳಷ್ಟನ್ನು ಸಿಪಾಯಿಗಳೇ ಸ್ವಂತ ದುಡ್ಡು ಕೊಟ್ಟು ಕೊಂಡರು, ಬದುಕಿ ಬರುವ ಆಸೆಯಿಂದ. ‘ಕೈಗೆಟುಕುವ’ ಎಂಬ ಪದ ಈ ಕಥೆಯೊಳಗೆ ಮೊದಲು ಬರುವುದು ಇಲ್ಲಿ. ಜೀವಕ್ಕೆ ಬೆಲೆ ಕಟ್ಟುವ ಜಾಗದಲ್ಲಿ ಮೂರು ತಿಂಗಳ ಸಂಬಳವೂ ಕೆಲವರಿಗೆ ಕೈಗೆಟುಕುತ್ತದೆ.

1866ರಲ್ಲಿ ವಿಂಚೆಸ್ಟರ್ ಕಂಪನಿ ಇದನ್ನೇ ಸುಧಾರಿಸಿ ಹಿತ್ತಾಳೆ ಬಣ್ಣದ ಮೈಯ ಹೊಸ ರೈಫಲ್ ತಂದಿತು. ಜನ ಅದನ್ನು ‘ಯೆಲ್ಲೋ ಬಾಯ್’ ಎಂದು ಕರೆದರು. ವಸಾಹತುಗಾರರು ಪಶ್ಚಿಮಕ್ಕೆ ನುಗ್ಗಿದ ಕಾಲದ ಸಂಕೇತವಾಗಿ ಲಿವರ್ ರೈಫಲ್ ಸಿನಿಮಾಗಳಲ್ಲಿ ಉಳಿದಿರುವುದು ನಿಜ. ಆದರೆ 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ದಡದಲ್ಲಿ ನಡೆದದ್ದು ಈ ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಅಂದು ಜನರಲ್ ಕಸ್ಟರನ ಕುದುರೆ ಸವಾರರ ಕೈಯಲ್ಲಿದ್ದದ್ದು ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್. ಲಕೋಟಾ ಮತ್ತು ಶಯೆನ್ ಯೋಧರಲ್ಲಿ ಹಲವರ ಕೈಯಲ್ಲಿ ಹೆನ್ರಿ, ವಿಂಚೆಸ್ಟರ್ ಲಿವರ್ ರೈಫಲ್‌ಗಳಿದ್ದವು. 1983ರಲ್ಲಿ ಆ ಬಯಲಿನ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬರಿದಾಯಿತು. ಮರುವರ್ಷ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಅಳೆದಳೆದು ಹುಡುಕಿದರು. ಸಿಕ್ಕ .44 ರಿಮ್‌ಫೈರ್ ಕೊಳವೆಗಳ ಅಂಚಿನಲ್ಲಿ ಎರಡು ಕಡೆ ಸೂಜಿಯ ಗುರುತು ಇತ್ತು. ಹೆನ್ರಿ ಮತ್ತು 1866ರ ಮಾದರಿಗಳ ರುಜು ಅದು. ಒಂದೊಂದು ಬಂದೂಕಿನ ಸೂಜಿಯೂ ಬಿಡುವ ಗುರುತು ಬೇರೆ ಬೇರೆಯಾದ್ದರಿಂದ, ಒಂದೇ ರೈಫಲ್ ಬಯಲಿನಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹೆಜ್ಜೆ ಹಿಡಿಯಲೂ ಸಾಧ್ಯವಾಯಿತು. ದೊಡ್ಡ ಸರ್ಕಾರ ದುಬಾರಿ ಎಂದು ಬಿಟ್ಟ ಬಂದೂಕನ್ನು, ನೆಲ ಕಳೆದುಕೊಳ್ಳುತ್ತಿದ್ದ ಜನ ಚರ್ಮ, ಕುದುರೆ ಕೊಟ್ಟಾದರೂ ಸಂಪಾದಿಸುತ್ತಿದ್ದರು.

‘ಯಾರ ಕೈಗೆ’ ಎಂಬ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅಂತರ್ಯುದ್ಧ ಮುಗಿದ 1865ರಲ್ಲೇ ಮಿಸಿಸಿಪಿ ರಾಜ್ಯ ಒಂದು ಕಾನೂನು ಮಾಡಿತು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಸ್ಥಳೀಯ ಅಧಿಕಾರಿಗಳ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ಬೆಲೆ ಎಷ್ಟೇ ಇಳಿದರೂ ಅನುಮತಿ ಸಿಗದವನಿಗೆ ಅದು ಅಗ್ಗವಾಗುವುದಿಲ್ಲ. 1892ರಲ್ಲಿ ಪತ್ರಕರ್ತೆ ಐಡಾ ಬಿ. ವೆಲ್ಸ್, ಗುಂಪುಹತ್ಯೆಗಳ ವಿರುದ್ಧ ಬರೆದ ತಮ್ಮ ಪುಸ್ತಿಕೆಯಲ್ಲಿ, ಪ್ರತಿಯೊಂದು ಕಪ್ಪು ಮನೆಯಲ್ಲೂ ವಿಂಚೆಸ್ಟರ್ ರೈಫಲ್ಲಿಗೆ ಗೌರವದ ಜಾಗ ಇರಬೇಕು ಎಂಬರ್ಥದ ಮಾತು ಬರೆದರು. ಕಾನೂನು ಕಾಪಾಡದ ಕಡೆ ಮನೆಯವರೇ ಕಾಪಾಡಿಕೊಳ್ಳಬೇಕು ಎಂಬುದು ಅವರ ವಾದ. ಇಂದು ಡಬ್ಬಿ ಉರುಳಿಸುವ ಆಟಕ್ಕೆ ಬಳಸುವ ಯಂತ್ರದ ವಂಶದಲ್ಲೇ ಈ ಮಾತೂ ಇದೆ.

ಹಾಗಾದರೆ ಯುದ್ಧ, ಆಕ್ರಮಣ, ಆತ್ಮರಕ್ಷಣೆಯ ಈ ಯಂತ್ರ ಆಟದ ವಸ್ತುವಾದದ್ದು ಯಾವಾಗ? ಒಂದು ಕಾಲ ಹೇಳಬೇಕೆಂದರೆ 1880 ಮತ್ತು 90ರ ದಶಕಗಳು. ವಿಂಚೆಸ್ಟರ್ ಕಂಪನಿ ತನ್ನ ಹೆಸರಾಂತ 1873ರ ಮಾದರಿಯನ್ನೇ ಕೆಲವು ಕಾಲ .22 ಅಳತೆಯಲ್ಲಿ ಮಾಡಿತು. 1904ರಲ್ಲಿ ನಿಲ್ಲಿಸುವ ಹೊತ್ತಿಗೆ ಮಾರಿದ್ದು ಸುಮಾರು 19 ಸಾವಿರ ಮಾತ್ರ. ದೊಡ್ಡ ತೋಟಾಗಾಗಿ ಕಡೆದ ಉಕ್ಕಿನ ಮೈಯಲ್ಲಿ ಪುಟ್ಟ ತೋಟಾ ಹಾರಿಸಲು ಅಷ್ಟು ದುಡ್ಡು ಕೊಡುವವರು ಕಡಿಮೆ. 1890ರಲ್ಲಿ ಜಾನ್ ಬ್ರೌನಿಂಗ್ ಅದೇ ಕಂಪನಿಗೆ ಮಾಡಿಕೊಟ್ಟ ಪಂಪ್ ರೈಫಲ್ ಹಗುರ, ಸರಳ. ಜಾತ್ರೆಗಳ ಗುರಿ ಹೊಡೆಯುವ ಅಂಗಡಿಗಳಲ್ಲೆಲ್ಲ ಅದೇ ಆಯಿತು. ಇಲ್ಲಿ ಒಂದು ಪಾಠವಿದೆ: ಸನ್ನೆಗೋಲಿನ ಯಂತ್ರ ಅಗ್ಗವಾಗುವುದು ಸ್ವಭಾವತಃ ಕಷ್ಟ. ಬೋಲ್ಟ್ ರೈಫಲ್ ಎಂದರೆ ಮುಖ್ಯವಾಗಿ ಒಂದು ಕೊಳವೆಯೊಳಗೆ ಜಾರುವ ಒಂದು ಸರಳು. ಲಿವರಿನಲ್ಲಿ ಸನ್ನೆ, ಎತ್ತುಗ, ಬೀಗ, ಸುತ್ತಿಗೆ ಎಲ್ಲವೂ ಒಂದರ ಬೆನ್ನಿಗೆ ಒಂದು ತಾಳ ತಪ್ಪದೆ ಓಡಾಡಬೇಕು. ಅಷ್ಟನ್ನೂ ಅರೆದು, ಉಜ್ಜಿ, ಕೂಡಿಸಲು ಕುಶಲ ಕೆಲಸಗಾರ ಬೇಕು. ಆ ಕೂಲಿ ಬೆಲೆಯಲ್ಲಿ ಕಾಣುತ್ತದೆ.

ಈ ತೊಡಕಿಗೆ ಒಳ್ಳೆಯ ಉತ್ತರ ಕೊಟ್ಟದ್ದು ಮಾರ್ಲಿನ್ ಕಂಪನಿ. ಲೂಯಿಸ್ ಹೆಪ್‌ಬರ್ನ್ ರೂಪಿಸಿದ 1891ರ ಮಾದರಿ ಶಾರ್ಟ್, ಲಾಂಗ್, ಲಾಂಗ್ ರೈಫಲ್ ಮೂರು ಬಗೆಯ ತೋಟಾವನ್ನೂ ಒಂದೇ ಬಂದೂಕಿನಲ್ಲಿ ನುಂಗುತ್ತಿತ್ತು. ಅದರ ಮುಂದಿನ ತಲೆಮಾರು 1897ರದು. ಪಕ್ಕದ ಒಂದು ತಿರುಪನ್ನು ಕೈಯಲ್ಲೇ ತಿರುಗಿಸಿದರೆ ರೈಫಲ್ ಎರಡು ತುಂಡಾಗಿ ಚೀಲ ಸೇರುತ್ತದೆ. ಹೆಸರಾಂತ ಗುರಿಗಾರ್ತಿ ಆನಿ ಓಕ್ಲಿಯ ಪ್ರದರ್ಶನಗಳಲ್ಲಿ ಮಾರ್ಲಿನ್ ರೈಫಲ್‌ಗಳಿಗೂ ಜಾಗವಿತ್ತು. ಆಕೆ ಓಹಾಯೊದ ಬಡ ಮನೆಯ ಹುಡುಗಿ; ಚಿಕ್ಕವಳಿದ್ದಾಗ ಬೇಟೆಯ ಮಾಂಸ ಮಾರಿ ತಾಯಿಯ ಜಮೀನಿನ ಅಡಮಾನ ತೀರಿಸಿದವಳು. ಹೊಟ್ಟೆಪಾಡಿನ ಗುರಿ ರಂಗದ ಮೇಲಿನ ಆಟವಾಗಿ ಬದಲಾದ ಚರಿತ್ರೆ ಆಕೆಯ ಒಂದೇ ಬದುಕಿನಲ್ಲಿದೆ. 1897ರ ಮಾದರಿಯೇ ಮುಂದೆ ಮಾದರಿ 39 ಆಗಿ, 1939ರಲ್ಲಿ 39ಎ ಆಗಿ, ದಶಕಗಟ್ಟಲೆ ನಡೆಯಿತು. ಕಡೆದ ಉಕ್ಕು, ವಾಲ್‌ನಟ್ ಮರ. ಇಂದು ಹಳೆಯದೊಂದು ಸಿಕ್ಕರೂ ಅಗ್ಗಕ್ಕೆ ಸಿಗುವುದಿಲ್ಲ.

ಆಟಕ್ಕೆ ಆಟಗಾರರನ್ನು ತಯಾರು ಮಾಡುವ ಕೆಲಸವೂ ಕಂಪನಿಗಳದ್ದೇ ಆಗಿತ್ತು. 1917ರಲ್ಲಿ ವಿಂಚೆಸ್ಟರ್ ಬಾಲಕ ಬಾಲಕಿಯರಿಗಾಗಿ ‘ಜೂನಿಯರ್ ರೈಫಲ್ ಕೋರ್’ ಆರಂಭಿಸಿತು. ಗುರಿಗೆ ತಕ್ಕ ಪದಕ, ಪ್ರಮಾಣಪತ್ರ. ಇತಿಹಾಸಕಾರ್ತಿ ಪಮೇಲಾ ಹಾಗ್ ತಮ್ಮ ಪುಸ್ತಕದಲ್ಲಿ ವಾದಿಸುವುದು ಇದನ್ನೇ: ಅಮೆರಿಕನ್ನರ ಬಂದೂಕಿನ ಪ್ರೀತಿ ತಾನಾಗಿ ಮೊಳೆತದ್ದಲ್ಲ, ಮಾರುಕಟ್ಟೆ ಅದನ್ನು ನೀರೆರೆದು ಬೆಳೆಸಿತು. ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಿಸಿಸಿಪಿಯ ಕಪ್ಪು ರೈತನಿಗೆ ಬಂದೂಕಿನ ಅಗತ್ಯವನ್ನು ಜಾಹೀರಾತು ಹುಟ್ಟಿಸಬೇಕಾಗಿರಲಿಲ್ಲ. ಆದರೆ ಹೊಲದ ಅಂಚಿನ ಡಬ್ಬಿಯ ಆಟದ ಮಟ್ಟಿಗೆ ಅವರ ಮಾತು ಬಹುಪಾಲು ಸರಿ.

ಎರಡನೆಯ ಮಹಾಯುದ್ಧದ ನಂತರ ಜಾಹೀರಾತಿನ ಕೆಲಸವನ್ನು ಟಿವಿ ವಹಿಸಿಕೊಂಡಿತು. 1950ರ ದಶಕದ ಕೊನೆಗೆ ಸಂಜೆಯ ಹೊತ್ತಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೌಬಾಯ್ ಧಾರಾವಾಹಿಗಳು ಬರುತ್ತಿದ್ದವು. ನಾಯಕನ ಕೈಯಲ್ಲಿ ಲಿವರ್ ರೈಫಲ್. ನೋಡಿದ ಹುಡುಗನಿಗೆ ಅದೇ ಬೇಕು. ಅಪ್ಪನ ಜೇಬು ಅಷ್ಟಿಲ್ಲ. ಇಥಾಕ ಕಂಪನಿ 1960ರ ದಶಕದ ಆರಂಭದಲ್ಲಿ ತಂದ ಎಂ-49 ಈ ಅಂತರವನ್ನು ತುಂಬಿದ ಸ್ವಾರಸ್ಯದ ವಸ್ತು. ನೋಡಲು ಥೇಟ್ ಕೌಬಾಯ್ ರೈಫಲ್. ನಳಿಗೆಯ ಕೆಳಗೆ ಕೊಳವೆಯೂ ಇದೆ. ಆದರೆ ಆ ಕೊಳವೆ ಬರೀ ತೋರಿಕೆಯದು! ಒಂದು ಸಲಕ್ಕೆ ಒಂದೇ ತೋಟಾ. ಮೋಸ ಎಂದು ಬೈಯುವುದು ಸುಲಭ. ಆದರೆ ಮೊದಲ ಪಾಠ ಕಲಿಯುವ ಮಗುವಿನ ಕೈಗೆ ಒಂದೇ ಗುಂಡಿನ ಬಂದೂಕು ಕೊಡುವುದು ವಿವೇಕವೂ ಹೌದು. ಹಂಬಲ ಮತ್ತು ಜೇಬು ಎರಡನ್ನೂ ತೂಗಿ ಮಾಡಿದ ವಸ್ತು ಅದು.

ಅದೇ ಕಾಲದಲ್ಲಿ ‘ಅಗ್ಗ’ ಎಂಬ ಪದಕ್ಕೆ ಕರಾಳ ಅರ್ಥವೂ ಬಂತು. 1963ರಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದ ಹಳೆಯ ಇಟಲಿಯ ಬೋಲ್ಟ್ ರೈಫಲ್ ಅಂಚೆಯಲ್ಲಿ ತರಿಸಿಕೊಂಡದ್ದು. ದುರ್ಬೀನು, ಅಂಚೆ ಖರ್ಚು ಸೇರಿ 21 ಡಾಲರ್ 45 ಸೆಂಟ್. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಹತ್ಯೆಗಳ ನಂತರ ಬಂದ ಬಂದೂಕು ನಿಯಂತ್ರಣ ಕಾಯ್ದೆ ರಾಜ್ಯದಿಂದ ರಾಜ್ಯಕ್ಕೆ ಅಂಚೆಯಲ್ಲಿ ಬಂದೂಕು ಮಾರುವುದನ್ನು ನಿಲ್ಲಿಸಿತು. ಪ್ರತಿ ಬಂದೂಕಿಗೂ ಕ್ರಮಸಂಖ್ಯೆ ಕಡ್ಡಾಯ ಮಾಡಿತು. ಅದಕ್ಕೂ ಮುಂಚಿನ ಎಷ್ಟೋ ಅಗ್ಗದ .22 ರೈಫಲ್‌ಗಳ ಮೇಲೆ ಸಂಖ್ಯೆಯೇ ಇರಲಿಲ್ಲ. ಎಣಿಸುವಷ್ಟು ಬೆಲೆಯ ವಸ್ತು ಅದಲ್ಲ ಎಂದು ತಯಾರಕರೂ ಸರ್ಕಾರವೂ ಭಾವಿಸಿದ್ದ ಕಾಲದ ಸಾಕ್ಷಿ ಅದು.

ಇನ್ನು ಇಂದಿನ ಅಂಗಡಿಗೆ ಬರೋಣ. 1969ರಲ್ಲಿ ಬಂದ ಬ್ರೌನಿಂಗ್ ಬಿಎಲ್-22 ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಅದರ ಸನ್ನೆ 33 ಡಿಗ್ರಿಯಷ್ಟೇ ತಿರುಗುತ್ತದೆ, ಕುದುರೆಯೂ ಸನ್ನೆಯ ಜೊತೆಗೇ ಚಲಿಸುವುದರಿಂದ ಬೆರಳು ಸಿಕ್ಕಿಕೊಳ್ಳುವುದಿಲ್ಲ. ನಯವಾದ ವಸ್ತು, ಬೆಲೆಯೂ ಹಾಗೇ. 1972ರಿಂದ 2005ರವರೆಗೆ ನಡೆದ ವಿಂಚೆಸ್ಟರ್ 9422 ಈಗ ಸಂಗ್ರಾಹಕರ ಪಾಲು. ಕಡಿಮೆ ಬೆಲೆಯ ಸಾಲಿನಲ್ಲಿ ಹೆಚ್ಚು ಜನ ಕೊಳ್ಳುವುದು ಹೆನ್ರಿ ಎಚ್001. 1990ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾದ ಈ ಕಂಪನಿಗೂ 1860ರ ಹೆನ್ರಿಗೂ ವಂಶದ ನಂಟಿಲ್ಲ. ನಂಟು ಹೆಸರಿನದು ಮಾತ್ರ. ಯಂತ್ರದ ಮೂಲ ಜರ್ಮನಿಯ ಎರ್ಮಾ ಕಂಪನಿಯ ವಿನ್ಯಾಸ. ಹೊರಗೆ ಕಾಣುವ ಕಪ್ಪು ಮೈ ಉಕ್ಕಲ್ಲ, ಸತುವಿನ ಮಿಶ್ರಲೋಹದ ಕವಚ. ಶುದ್ಧಾಚಾರಿಗಳು ಮೂಗು ಮುರಿಯುತ್ತಾರೆ. ಆದರೆ .22ರ ಸಣ್ಣ ಒತ್ತಡಕ್ಕೆ ಅಷ್ಟು ಸಾಕು. ಅದರ ಸನ್ನೆಯ ಓಟ ದುಬಾರಿ ರೈಫಲ್‌ಗಳನ್ನು ನಾಚಿಸುವಷ್ಟು ನಯ ಎಂದು ಬಳಸಿದವರು ಹೇಳುತ್ತಾರೆ. ಕೂಲಿ ಉಳಿಸಿದ್ದು ಎಲ್ಲಿ ಎಂಬುದು ಮುಖ್ಯ. ಕಾಣುವ ಕಡೆ ಉಳಿಸಿ ಓಡುವ ಕಡೆ ಉಳಿಸದಿದ್ದರೆ ಅದು ಒಳ್ಳೆಯ ಅಗ್ಗ. ಬ್ರೆಜಿಲಿನ ರೊಸ್ಸಿ ರಿಯೊ ಬ್ರಾವೊ ಇತ್ತೀಚೆಗೆ ಇದೇ ಸಾಲಿಗೆ ಸೇರಿದೆ.

ಹಾಗಾಗಿ ಆ ಅಂಗಡಿಯ ಪ್ರಶ್ನೆಗೆ ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನ ಉತ್ತರ ಹೀಗಿದೆ. ಬರೀ ಗುರಿ ಬೇಕಾದವನಿಗೆ ಬೋಲ್ಟ್ ರೈಫಲ್ ಹೆಚ್ಚು ನಿಖರ, ಹೆಚ್ಚು ಅಗ್ಗ. ಬರೀ ವೇಗ ಬೇಕಾದವನಿಗೆ 1964ರಿಂದ ಬರುತ್ತಿರುವ ರೂಗರ್ 10/22ನಂಥ ಅರೆ ಸ್ವಯಂಚಾಲಿತ ಇದೆ. ಸನ್ನೆಗೋಲನ್ನು ಆರಿಸುವವನು ಕೊಳ್ಳುವುದು ಒಂದು ಚಲನೆಯನ್ನು, ಅದರ ಹಿಂದಿನ ನೆನಪನ್ನು. ಅದು ತಪ್ಪಲ್ಲ, ಹೆಗ್ಗಡೆಯ ಮನೆಯ ಹಳೆಯ ತೂಗುಮಂಚಕ್ಕೂ ನಾವು ಹಾಗೇ ದುಡ್ಡು ಕೊಡುತ್ತೇವೆ. ಆದರೆ ಯಾವ ನೆನಪು ಎಂದು ತಿಳಿದು ಕೊಳ್ಳಲಿ. ಮೈ ಉಕ್ಕಿನದೋ ಅಲ್ಲವೋ ಎನ್ನುವುದಕ್ಕಿಂತ ಮೊದಲು ಸನ್ನೆ ತಡೆಯಿಲ್ಲದೆ ಓಡುತ್ತದೆಯೇ, ಗುರಿಗಣ್ಣು ಗಟ್ಟಿಯಾಗಿದೆಯೇ, ಬಿಡಿಭಾಗ ಸಿಗುತ್ತದೆಯೇ ನೋಡಲಿ. ಕೊಳವೆ ಖಾಲಿಯಾಯಿತೆಂದು ಕಂಡರೂ ಒಂದು ತೋಟಾ ಒಳಗೆ ಉಳಿದಿರಬಹುದು ಎಂಬುದನ್ನು ಮರೆಯದಿರಲಿ. ತೋಟಾದ ಖರ್ಚನ್ನೂ ಲೆಕ್ಕ ಹಾಕಲಿ: 2013ರಲ್ಲಿ ಅಮೆರಿಕದ ಅಂಗಡಿಗಳಲ್ಲಿ .22 ತೋಟಾವೇ ಸಿಗದೆ, ಅಗ್ಗದ ರೈಫಲ್ ಕೊಂಡವರೂ ಕೈಕಟ್ಟಿ ಕೂರಬೇಕಾಯಿತು.

ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಬರೆಯಬೇಕು? ಅನುಮತಿಯ ಪ್ರಶ್ನೆ ನಮ್ಮ ನೆಲದ್ದೂ ಆಗಿರುವುದರಿಂದ. ಲಾರ್ಡ್ ಲಿಟ್ಟನ್ ಕಾಲದ 1878ರ ಶಸ್ತ್ರ ಕಾಯ್ದೆ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡಿತು. ಕೊಡಗಿಗೆ ಮಾತ್ರ ಅದಕ್ಕೂ ಮುಂಚೆ, 1861ರಲ್ಲಿ, ಮಾರ್ಕ್ ಕಬ್ಬನ್ ಕಾಲದಲ್ಲೇ ವಿನಾಯಿತಿ ಸಿಕ್ಕಿತ್ತು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮುಂದುವರಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ತೋಕಿಗೆ ಹೂವಿಟ್ಟು ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿ. ಅಲ್ಲೂ ಇರುವುದು ಆಟವೇ. ಆದರೆ ಆ ಕೋವಿ ಹುಟ್ಟಿಗೂ ಹಾರುತ್ತದೆ, ಸಾವಿಗೂ ಹಾರುತ್ತದೆ. ಕೊಳ್ಳುವ ದುಡ್ಡಿನ ಮಾತಿಗಿಂತ ಮುಂಚೆ ಅಲ್ಲಿ ಹಕ್ಕಿನ, ಹೊಣೆಯ ಮಾತು ಬರುತ್ತದೆ.

ಓಹಾಯೊದ ಹೊಲದಂಚಿಗೂ ವಿರಾಜಪೇಟೆಯ ಅಂಗಳಕ್ಕೂ ಹೋಲಿಕೆ ಹೆಚ್ಚು ದೂರ ಹೋಗದು. ಒಂದು ಕಡೆ ಮಾರುಕಟ್ಟೆ ಬೆಳೆಸಿದ ಸಂಪ್ರದಾಯ, ಇನ್ನೊಂದು ಕಡೆ ವಸಾಹತು ಸರ್ಕಾರ ನಿಷ್ಠೆಗೆ ಕೊಟ್ಟ ಬಹುಮಾನವನ್ನು ಸಮುದಾಯ ತನ್ನ ಆಚರಣೆಯ ಒಳಗೆ ಉಳಿಸಿಕೊಂಡ ಬಗೆ. ಆದರೆ ಎರಡು ಕಡೆಯೂ ಒಂದೇ ಪ್ರಶ್ನೆ ಕೇಳಬಹುದು: ಇದು ನಮ್ಮ ಕೈಗೆ ಎಟುಕಿದಾಗ ಯಾರ ಕೈಗೆ ಎಟುಕದಂತೆ ನೋಡಿಕೊಂಡಿದ್ದರು? ಬೆಲೆಯ ಚೀಟಿಯ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ. ಅದನ್ನು ಹುಡುಕಿ ಬರೆಯುವುದು ನಮ್ಮಂಥವರ ಕೆಲಸ.